ಆಸಿಡ್ ಹಳದಿಯಾದರೆ, ಕಂದು ಉಂಗುರ ಕಾಣದಿದ್ದರೆ: ಕಾಲೇಜು ಲ್ಯಾಬಿನ ನೈಟ್ರಿಕ್ ಆಮ್ಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಕೊಟ್ಟ ಲವಣದಲ್ಲಿ ಏನಿದೆ ಎಂದು ಪತ್ತೆ ಮಾಡುವ ಲವಣ ವಿಶ್ಲೇಷಣೆ ಕೈಕೊಟ್ಟಾಗ ಮೊದಲು ಬೈಸಿಕೊಳ್ಳುವುದು ವಿದ್ಯಾರ್ಥಿ, ಆಮೇಲೆ ಲವಣದ ಪೊಟ್ಟಣ. ಆಸಿಡ್ ಬಾಟಲಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನೈಟ್ರಿಕ್ ಆಮ್ಲದ ವಿಷಯದಲ್ಲಿ ಈ ಸರದಿಯನ್ನು ತಿರುಗಿಸುವುದು ಒಳ್ಳೆಯದು. ಇದು ಆಮ್ಲವೂ ಹೌದು, ಉತ್ಕರ್ಷಣಕಾರಿಯೂ (ಬೇರೆ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು) ಹೌದು. ಬೆಳಕು ಬಿದ್ದರೆ ಕೆಡುತ್ತದೆ, ರಬ್ಬರನ್ನು ತಿನ್ನುತ್ತದೆ, ನಲ್ಲಿ ನೀರು ಬೆರೆತರೆ ಸುಳ್ಳು ಫಲಿತಾಂಶ ಕೊಡುತ್ತದೆ. ಆದ್ದರಿಂದ ಮೊದಲು ಬಾಟಲಿ, ಆಮೇಲೆ ನೀರು, ಆಮೇಲೆ ಉಳಿದ ದ್ರಾವಣಗಳು, ಕೊನೆಗೆ ವಿದ್ಯಾರ್ಥಿಯ ಕೈ.

ಕೆಳಗೆ ‘ಸಾರೀಕೃತ’ ಎಂದಿರುವುದು ಅಂಗಡಿಯಿಂದ ಬರುವ 68ರಿಂದ 70 ಶೇಕಡಾ ಆಮ್ಲ. ಅದರ ಸಾಂದ್ರತೆ ಮಿ.ಲೀ.ಗೆ ಸುಮಾರು 1.41 ಗ್ರಾಂ, ಪ್ರಬಲತೆ ಹತ್ತಿರ ಹತ್ತಿರ 16 ಮೋಲಾರ್ (ಲೀಟರಿಗೆ 16 ಮೋಲ್). ‘ಸಾರರಿಕ್ತ’ ಎಂದಿರುವುದು ಅದನ್ನು ನೀರಿನಲ್ಲಿ ಬೆರೆಸಿ ಮಾಡಿಕೊಂಡ 4 ಮೋಲಾರ್ ಆಮ್ಲ: 750 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 250 ಮಿ.ಲೀ. ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ ಸೇರಿಸಿದ್ದು. ಯಾವತ್ತೂ ನೀರಿಗೆ ಆಮ್ಲ. ತಿರುಗುಮುರುಗಾದರೆ ಕುದಿದು ಮುಖಕ್ಕೆ ಹಾರುತ್ತದೆ.

ಬಾಟಲಿ ಮುಟ್ಟುವ ಮುಂಚೆ ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಮೈಗೆ ಏಪ್ರನ್, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ ಇರಲಿ. ತೆಳುವಾದ ಬಿಸಾಡುವ ಗ್ಲೌಸನ್ನು ಸಾರೀಕೃತ ನೈಟ್ರಿಕ್ ಆಮ್ಲ ಕೆಲವೇ ನಿಮಿಷಗಳಲ್ಲಿ ತೂರಿಬಿಡುತ್ತದೆ. ಹನಿ ಬಿದ್ದ ತಕ್ಷಣ ಕಳಚಿ ಎಸೆಯಿರಿ, ತೊಳೆದು ಮತ್ತೆ ಹಾಕಿಕೊಳ್ಳಬೇಡಿ.

ಬಾಟಲಿಯಲ್ಲಿರುವ ಆಮ್ಲ ಹಳದಿಯಾಗಿದೆ

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ, ಮುಕ್ಕಾಲು ಪಾಲು ಸಲ ಗಾಬರಿ ಬೇಕಿಲ್ಲ. ಶುದ್ಧ ಆಮ್ಲಕ್ಕೆ ಬಣ್ಣವಿಲ್ಲ. ಬೆಳಕು ಅಥವಾ ಶಾಖ ತಗುಲಿದರೆ ಅದು ನಿಧಾನವಾಗಿ ನೈಟ್ರೋಜನ್ ಡೈಆಕ್ಸೈಡ್, ಆಮ್ಲಜನಕ ಮತ್ತು ನೀರಾಗಿ ಒಡೆಯುತ್ತದೆ. ಆ ಕಂದು ಅನಿಲ ಅಲ್ಲೇ ಕರಗಿ ಉಳಿದು ಹಳದಿ ಬಣ್ಣ ಕೊಡುತ್ತದೆ.

ಮೊದಲು ಬಾಟಲಿ ಎಲ್ಲಿದೆ ನೋಡಿ. ಕಿಟಕಿ ಪಕ್ಕದ ರ‍್ಯಾಕಿನಲ್ಲಿ, ಅದೂ ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿದ್ದರೆ ಕಾರಣ ಸಿಕ್ಕಿತು. ಕಂದು ಗಾಜಿನ ಬಾಟಲಿಗೆ ಬದಲಿಸಿ, ಕೆಳಗಿನ ಕತ್ತಲೆ ಕಪಾಟಿನಲ್ಲಿ, ಮೊಣಕಾಲಿನ ಮಟ್ಟಕ್ಕಿಂತ ಮೇಲಿರದಂತೆ ಇಡಿ.

ತೆಳು ಹಳದಿ ಎಂದರೆ ಬಳಸಬಹುದು. ಪ್ರಬಲತೆ ಅಷ್ಟೇನೂ ಇಳಿದಿರುವುದಿಲ್ಲ. ಸಾರರಿಕ್ತ ಮಾಡಿದರೆ ಬಣ್ಣವೂ ಬಹುಪಾಲು ಕಾಣದಾಗುತ್ತದೆ. ಆದರೆ ನೈಟ್ರೈಟ್ ಪರೀಕ್ಷೆಯ ಹತ್ತಿರ ಈ ಆಮ್ಲವನ್ನು ತರಬೇಡಿ. ಕರಗಿದ ಅನಿಲ ನೀರಿನಲ್ಲಿ ನೈಟ್ರಸ್ ಆಮ್ಲವನ್ನೂ ಕೊಡುವುದರಿಂದ ಇಲ್ಲದ ನೈಟ್ರೈಟ್ ಇದೆ ಎಂದು ತೋರುತ್ತದೆ.

ಗಾಢ ಹಳದಿ ಅಥವಾ ಕಿತ್ತಳೆ ಬಣ್ಣ ಬಂದಿದ್ದು, ಮುಚ್ಚಳ ತೆಗೆದಾಗ ಕೆಂಪುಗಂದು ಹೊಗೆ ಎದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಬಂದಿರುವುದೇ ಹೊಗೆಯಾಡುವ ನೈಟ್ರಿಕ್ ಆಮ್ಲ. ಲೇಬಲ್ ಓದಿ: ಸಾಂದ್ರತೆ 1.5ರ ಹತ್ತಿರ ಬರೆದಿದ್ದರೆ ಅದು ಪಿಯು ಲ್ಯಾಬಿನ ಸಾಮಾನಲ್ಲ, ತಂದವರಿಗೆ ವಾಪಸ್ ಕೊಡಿ. ಇನ್ನೊಂದು, ಒಳಗೆ ಏನೋ ಬಿದ್ದಿದೆ: ಕಾರ್ಕಿನ ಚೂರು, ಫಿಲ್ಟರ್ ಪೇಪರ್, ಡ್ರಾಪರಿನ ರಬ್ಬರ್. ಸಾವಯವ ವಸ್ತು ಯಾವುದೇ ಇರಲಿ, ಆಮ್ಲ ಅದನ್ನು ಉತ್ಕರ್ಷಿಸಿ ತಾನು ಕಂದು ಅನಿಲ ಬಿಡುತ್ತದೆ. ಗುಳ್ಳೆ ಏಳುತ್ತಿದ್ದರೆ ಮುಚ್ಚಳ ಬಿಗಿ ಮಾಡಬೇಡಿ. ಸಡಿಲವಾಗಿ ಇಟ್ಟು, ಎಕ್ಸಾಸ್ಟ್ ಹಾಕಿ, ಕೋಣೆಯಿಂದ ಮಕ್ಕಳನ್ನು ಹೊರಗೆ ಕಳಿಸಿ.

ಡ್ರಾಪರ್ ಮುರಿಯುತ್ತದೆ, ಮುಚ್ಚಳ ಅಂಟುತ್ತದೆ, ಬಾಟಲಿ ಕತ್ತಿಗೆ ಬಿಳಿ ಪುಡಿ

ಡ್ರಾಪರಿನ ರಬ್ಬರ್ ಬುರುಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಹೊಸದು ಮೆತ್ತಗಿರುತ್ತದೆ. ಆಮ್ಲದ ಆವಿ ಕುಡಿದದ್ದು ಹಳದಿಯಾಗಿ, ಗಟ್ಟಿಯಾಗಿ, ಒತ್ತಿದಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಉದುರುವ ಚೂರೇ ಆಮ್ಲವನ್ನು ಇನ್ನಷ್ಟು ಹಳದಿ ಮಾಡುವುದು. ಡ್ರಾಪರನ್ನು ಬಾಟಲಿಯಲ್ಲೇ ಬಿಟ್ಟು ಹೋಗುವ ಅಭ್ಯಾಸ ನಿಂತರೆ ಈ ಗೋಳು ಅರ್ಧ ನಿಲ್ಲುತ್ತದೆ. ಪೂರ್ತಿ ನಿಲ್ಲಬೇಕಾದರೆ ಮುಚ್ಚಳವೂ ಗಾಜಿನದೇ ಆದ ಡ್ರಾಪಿಂಗ್ ಬಾಟಲಿ ತರಿಸಿ. ಒಂದು ಮೇಜಿಗೆ 30 ಮಿ.ಲೀ. ಸಾರೀಕೃತ ಆಮ್ಲ ಬೇಕಾದಷ್ಟಾಯಿತು. ಎರಡೂವರೆ ಲೀಟರ್ ಬಾಟಲಿ ಮೇಜಿನ ಮೇಲೆ ಬರಲೇಬಾರದು.

ಗಾಜಿನ ಮುಚ್ಚಳ ಅಂಟಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಟ್ರೇಯಲ್ಲಿ ನಿಲ್ಲಿಸಿ, ಮುಚ್ಚಳದ ಬದಿಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ನಾಲ್ಕೈದು ಸಲಕ್ಕೆ ಬಿಡದಿದ್ದರೆ ಕೈಬಿಡಿ. ಬರ್ನರ್ ಹಿಡಿಯುವುದು, ಇಕ್ಕಳದಲ್ಲಿ ತಿರುಚುವುದು ಎರಡೂ ಕೂಡದು.

ಬಿಳಿ ಪುಡಿ ಕಂಡರೆ ಪಕ್ಕದ ಬಾಟಲಿ ನೋಡಿ, ಅಮೋನಿಯ ಇದ್ದೇ ಇರುತ್ತದೆ. ಎರಡರ ಆವಿ ಸೇರಿ ಅಮೋನಿಯಂ ನೈಟ್ರೇಟ್ ಕೂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೆನ್ನಾಗಿ ತೊಳೆದು, ಅಮೋನಿಯವನ್ನು ಬೇರೆ ಕಪಾಟಿಗೆ ಕಳಿಸಿ. ಅಸಿಟಿಕ್ ಆಮ್ಲ, ಆಲ್ಕೋಹಾಲ್, ಅಸಿಟೋನ್, ಅನಿಲಿನ್ ಇವನ್ನೂ ಅದೇ ಹೊತ್ತಿನಲ್ಲಿ ದೂರ ಮಾಡಿಬಿಡಿ. ‘ಆಸಿಡ್‌ಗಳೆಲ್ಲ ಒಂದೇ ಕಪಾಟು’ ಎಂಬ ಲೆಕ್ಕದಲ್ಲಿ ಅಸಿಟಿಕ್ ಮತ್ತು ನೈಟ್ರಿಕ್ ಜೋಡಿಯಾಗಿ ಕೂತಿರುವುದು ತುಂಬಾ ಕಡೆ ಕಾಣುತ್ತದೆ. ಅದು ಅಪಾಯದ ಜೋಡಿ.

ಯಾವ ಲವಣ ಕೊಟ್ಟರೂ ಕ್ಲೋರೈಡ್ ಇದೆ ಎಂದೇ ಬರುತ್ತದೆ

ಸಿಲ್ವರ್ ನೈಟ್ರೇಟ್ ಹಾಕಿದ ತಕ್ಷಣ ಬಿಳಿ ಮಬ್ಬು, ಅಂದರೆ ಕ್ಲೋರೈಡಿನ ಗುರುತು. ಸಲ್ಫೇಟ್ ಕೊಟ್ಟವರಿಗೂ ಮಬ್ಬು, ನೈಟ್ರೇಟ್ ಕೊಟ್ಟವರಿಗೂ ಮಬ್ಬು. ಇಂಥಲ್ಲಿ ಖರ್ಚಿಲ್ಲದ ತಪಾಸಣೆ ಬ್ಲ್ಯಾಂಕ್, ಅಂದರೆ ಲವಣ ಬಿಟ್ಟು ಉಳಿದದ್ದೆಲ್ಲ ಹಾಕಿ ನೋಡುವುದು.

ಶುದ್ಧ ಪ್ರನಾಳವನ್ನು ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆಯಿರಿ. 2 ಮಿ.ಲೀ. ಡಿಸ್ಟಿಲ್ಡ್ ನೀರು, 2 ಹನಿ ಸಿಲ್ವರ್ ನೈಟ್ರೇಟ್ ಹಾಕಿ ಕಪ್ಪು ಕಾಗದದ ಎದುರು ಹಿಡಿಯಿರಿ. ಈಗಲೇ ಮಬ್ಬು ಬಂದರೆ ತಪ್ಪು ನೀರಿನದು. ‘ಡಿಸ್ಟಿಲ್ಡ್’ ಎಂದು ಬರೆದ ಕ್ಯಾನಿಗೆ ಬೋರ್‌ವೆಲ್ ನೀರು ತುಂಬಿರಬಹುದು, ಇಲ್ಲವೇ ಬಟ್ಟಿ ಇಳಿಸುವ ಯಂತ್ರ ಉಕ್ಕಿ ಹರಿದಿರಬಹುದು. ನೀರು ತಿಳಿಯಾಗಿಯೇ ಇದ್ದರೆ ಅದೇ ಪ್ರನಾಳಕ್ಕೆ 1 ಮಿ.ಲೀ. ಸಾರರಿಕ್ತ ನೈಟ್ರಿಕ್ ಆಮ್ಲ ಸೇರಿಸಿ. ಈಗ ಮಬ್ಬು ಬಂದರೆ ತಪ್ಪು ಆಮ್ಲದ್ದು. ಸಾರರಿಕ್ತ ಮಾಡಿದವರು ನಲ್ಲಿ ನೀರು ಬಳಸಿದ್ದಾರೆಯೇ ಎಂದು ಕೇಳಿ. ಅಲ್ಲ ಎಂದಾದರೆ ಹೈಡ್ರೋಕ್ಲೋರಿಕ್ ಬಾಟಲಿಯ ಡ್ರಾಪರ್ ಇಲ್ಲಿಗೆ ಬಂದಿದೆ. ಹೊಸದಾಗಿ ಮಾಡಿಕೊಳ್ಳಿ. ಇರುವ ಬಾಟಲಿ ಎಸೆಯಬೇಕಾಗಿಲ್ಲ, ‘ಕ್ಲೋರೈಡ್ ಪರೀಕ್ಷೆಗೆ ಬೇಡ’ ಎಂದು ಚೀಟಿ ಅಂಟಿಸಿ ಗಾಜು ತೊಳೆಯಲು ಇಟ್ಟುಕೊಳ್ಳಿ.

ಎರಡೂ ಹಂತದಲ್ಲಿ ತಿಳಿಯಾಗಿದ್ದೂ ಲವಣಕ್ಕೆ ಮಬ್ಬು ಬರುತ್ತಿದ್ದರೆ ವಿಧಾನ ನೋಡಿ. ಸೋಡಿಯಂ ಕಾರ್ಬೊನೇಟ್ ಸಾರ (ಲವಣವನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ಸೋಸಿದ್ದು) ಬಳಸಿದವರು ಆಮ್ಲ ಸಾಲದಷ್ಟು ಹಾಕಿರುತ್ತಾರೆ. ಕಾರ್ಬೊನೇಟ್ ಉಳಿದರೆ ಸಿಲ್ವರ್ ಕಾರ್ಬೊನೇಟ್ ಕೂಡ ಬೆಳ್ಳಗೆ ಕೂರುತ್ತದೆ. ನೊರೆ ಪೂರ್ತಿ ನಿಲ್ಲುವ ತನಕ ಆಮ್ಲ ಹಾಕಿ, ಬಿಸಿ ಮಾಡಿ, ನೀಲಿ ಲಿಟ್ಮಸ್ ಕೆಂಪಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಿಲ್ವರ್ ನೈಟ್ರೇಟ್. ಸಾವಯವ ವಿಶ್ಲೇಷಣೆಯ ಸೋಡಿಯಂ ಸಾರದಲ್ಲಿ (ವಸ್ತುವನ್ನು ಸೋಡಿಯಂ ಲೋಹದೊಂದಿಗೆ ಕಾಯಿಸಿ ನೀರಿನಲ್ಲಿ ತೆಗೆದ ಸಾರ) ನೈಟ್ರೋಜನ್ ಅಥವಾ ಗಂಧಕ ಇದ್ದರೆ ಸಯನೈಡ್, ಸಲ್ಫೈಡ್ ಅಡ್ಡ ಬರುತ್ತವೆ. ಸಾರೀಕೃತ ನೈಟ್ರಿಕ್ ಆಮ್ಲದೊಂದಿಗೆ ಕುದಿಸುವುದು ಅವನ್ನು ಓಡಿಸಲಿಕ್ಕೆ. ಆಗ ಏಳುವ ಆವಿ ವಿಷ, ಫ್ಯೂಮ್ ಹುಡ್ ಇಲ್ಲದ ಕಡೆ ಈ ಹಂತ ಮಾಡಿಸಬೇಡಿ.

ಒಂದು ಎಚ್ಚರಿಕೆ. ಕೂತ ಬಿಳಿ ಪ್ರಕ್ಷೇಪ ಅಮೋನಿಯದಲ್ಲಿ ಕರಗಿತು, ಅಂದರೆ ಕ್ಲೋರೈಡೇ ಎಂದು ಖಚಿತವಾದ ಮೇಲೆ ಆ ದ್ರಾವಣವನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಅಮೋನಿಯ ಬೆರೆತ ಬೆಳ್ಳಿಯ ದ್ರಾವಣ ನಿಂತಲ್ಲಿ ನಿಂತರೆ ಸಿಡಿಯುವ ವಸ್ತು ಹುಟ್ಟಬಹುದು. ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಮತ್ತೆ ಆಮ್ಲೀಯ ಮಾಡಿ, ಅದೇ ದಿನ ಬೆಳ್ಳಿಯ ತ್ಯಾಜ್ಯದ ಡಬ್ಬಕ್ಕೆ ಸುರಿಯಿರಿ.

ನೈಟ್ರೇಟ್ ಲವಣವೇ, ಆದರೂ ಕಂದು ಉಂಗುರವಿಲ್ಲ

ಲವಣದಲ್ಲಿ ನೈಟ್ರೇಟ್ ಇದೆ ಎಂಬುದರ ಗುರುತು ಕಂದು ಉಂಗುರ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ, ಯಾಕೆಂದರೆ ಉಂಗುರ ನಿಲ್ಲಲು ಮೂರು ವಿಷಯ ಒಟ್ಟಿಗೆ ಸರಿಯಿರಬೇಕು. ಸಾರೀಕೃತ ಗಂಧಕಾಮ್ಲ ಮತ್ತು ಫೆರಸ್ ಸಲ್ಫೇಟ್ ದ್ರಾವಣ ಸಂಧಿಸುವ ಗೆರೆಯಲ್ಲಿ ಫೆರಸ್ ಅಯಾನು (ಕಬ್ಬಿಣದ Fe²⁺ ರೂಪ) ಎಲೆಕ್ಟ್ರಾನ್ ಕೊಟ್ಟು ನೈಟ್ರೇಟನ್ನು ನೈಟ್ರಿಕ್ ಆಕ್ಸೈಡ್ ಆಗಿ ಅಪಕರ್ಷಿಸುತ್ತದೆ. ಆ ಅನಿಲ ಉಳಿದ ಫೆರಸ್ ಜೊತೆ ಸೇರಿದರೆ ಕಂದು ಬಣ್ಣ. ಅಂದರೆ ಫೆರಸ್‌ಗೆ ಎರಡು ಕೆಲಸ, ಹಾಗಾಗಿ ಅದು ಹೆಚ್ಚೇ ಇರಬೇಕು.

ಮೊದಲು ಫೆರಸ್ ಸಲ್ಫೇಟ್ ದ್ರಾವಣದ ಬಣ್ಣ ನೋಡಿ. ತೆಳು ಹಸಿರಾಗಿದ್ದರೆ ಸರಿ. ಹಳದಿ, ಕಂದು, ತಳದಲ್ಲಿ ತುಕ್ಕಿನಂಥ ಚರಟ ಇದ್ದರೆ ಅದು ಉತ್ಕರ್ಷಣಗೊಂಡು ಫೆರಿಕ್ (Fe³⁺) ಆಗಿಹೋಗಿದೆ, ಚೆಲ್ಲಿ. ಕುದಿಸಿ ಆರಿಸಿದ 10 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಎರಡು ಮೂರು ಹನಿ ಸಾರರಿಕ್ತ ಗಂಧಕಾಮ್ಲ ಹಾಕಿ, 1 ಗ್ರಾಂ ಹಸಿರು ಹರಳು ಕರಗಿಸಿ. ನೀರು ಬೆಚ್ಚಗೆ ಮಾಡಬೇಡಿ. ನಿನ್ನೆಯದನ್ನು ಇವತ್ತು ಬಳಸಬೇಡಿ. ಲ್ಯಾಬಿನಲ್ಲಿ ಕೈಕೊಡುವ ಉಂಗುರಗಳಲ್ಲಿ ಹೆಚ್ಚಿನವು ಇಲ್ಲೇ ಸರಿಹೋಗುತ್ತವೆ.

ಆಮೇಲೆ ಕೈ. 1 ಮಿ.ಲೀ. ಲವಣದ ದ್ರಾವಣಕ್ಕೆ 2 ಮಿ.ಲೀ. ಫೆರಸ್ ಸಲ್ಫೇಟ್ ಬೆರೆಸಿ, ಪ್ರನಾಳವನ್ನು ನಲ್ಲಿಯ ಕೆಳಗೆ ತಣ್ಣಗೆ ಮಾಡಿ, ಓರೆಯಾಗಿ ಹಿಡಿದು ಸಾರೀಕೃತ ಗಂಧಕಾಮ್ಲವನ್ನು ಗೋಡೆಗುಂಟ ಹನಿಹನಿಯಾಗಿ ಇಳಿಬಿಡಿ. ಭಾರದ ಆಮ್ಲ ತಳಕ್ಕೆ ಜಾರುತ್ತದೆ. ನೇರವಾಗಿ ನಡುವಿಗೆ ಸುರಿದರೆ, ಅಲುಗಾಡಿಸಿದರೆ, ಬಿಸಿಯಾದರೆ ಕಂದು ಸಂಕೀರ್ಣ ಒಡೆದು ಬಣ್ಣ ಹೋಗುತ್ತದೆ. ಬಂದ ಉಂಗುರ ಅರೆ ನಿಮಿಷದಲ್ಲಿ ಮಾಯವಾಯಿತು ಎಂದರೆ ಅದು ಶಾಖದ ಕೆಲಸ. ಪದರವೇ ಕೂರದೆ ಎಲ್ಲ ಬೆರೆಯುತ್ತಿದ್ದರೆ ಯಾರೋ ಸಾರರಿಕ್ತ ಗಂಧಕಾಮ್ಲದ ಬಾಟಲಿ ಎತ್ತಿದ್ದಾರೆ.

ಉಂಗುರದ ಬದಲು ಬಿಳಿ ಹಾಲು ಕಂಡರೆ ಅದು ಸೀಸ, ಬೇರಿಯಂ ಅಥವಾ ಸ್ಟ್ರಾನ್ಷಿಯಂ ನೈಟ್ರೇಟ್. ಫೆರಸ್ ಸಲ್ಫೇಟಿನ ಸಲ್ಫೇಟ್ ಅವುಗಳ ಜೊತೆ ಕೂತಿದೆ. ಸೋಡಿಯಂ ಕಾರ್ಬೊನೇಟ್ ಸಾರ ಮಾಡಿ, ಸಾರರಿಕ್ತ ಗಂಧಕಾಮ್ಲದಿಂದ ಆಮ್ಲೀಯ ಮಾಡಿ, ಮತ್ತೆ ನೋಡಿ.

ಎಲ್ಲ ಲವಣಕ್ಕೂ ಉಂಗುರ ಬರುತ್ತದೆ

ಮೇಲಿನದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಯಾರೂ ದೂರುವುದಿಲ್ಲ. ಕ್ಲೋರೈಡ್ ಪರೀಕ್ಷೆಗೆಂದು ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿಟ್ಟ ಸಾರವನ್ನೇ ನೈಟ್ರೇಟ್ ಪರೀಕ್ಷೆಗೂ ಬಳಸಿದರೆ ಉಂಗುರ ಬರದೆ ಇನ್ನೇನು? ಆ ನೈಟ್ರೇಟ್ ಬಾಟಲಿಯಿಂದ ಬಂದದ್ದು. ಪ್ರತಿ ಪರೀಕ್ಷೆಗೆ ಸಾರದ ಬೇರೆ ಪಾಲು ತೆಗೆಯಿಸಿ. ಬ್ರೋಮೈಡ್, ಅಯೋಡೈಡ್ ಇದ್ದರೆ ಗಂಧಕಾಮ್ಲ ಬ್ರೋಮಿನ್, ಅಯೋಡಿನ್ ಬಿಡಿಸಿ ಅದೇ ಕಂದು ತೋರುತ್ತದೆ. ನೈಟ್ರೈಟ್ ಆಗಿದ್ದರೆ ಸಾರೀಕೃತ ಗಂಧಕಾಮ್ಲದವರೆಗೆ ಹೋಗಬೇಕಾಗಿಯೇ ಇಲ್ಲ, ಸಾರರಿಕ್ತ ಆಮ್ಲಕ್ಕೇ ಇಡೀ ದ್ರಾವಣ ಕಂದಾಗುತ್ತದೆ.

ಲೋಹ ಹಾಕಿದರೆ ಸುಮ್ಮನೆ ಕೂತಿದೆ

ಯಾವ ಲೋಹ ಎಂಬುದರ ಮೇಲೆ ಉತ್ತರ. ಕಬ್ಬಿಣದ ಮೊಳೆ ಅಥವಾ ಅಲ್ಯೂಮಿನಿಯಂ ಹಾಳೆ ಸಾರೀಕೃತ ಆಮ್ಲದಲ್ಲಿ ಸುಮ್ಮನಿದ್ದರೆ ದೋಷವೇ ಇಲ್ಲ. ಆಮ್ಲ ಮೇಲ್ಮೈಯನ್ನು ಉತ್ಕರ್ಷಿಸಿ ತೆಳುವಾದ ಆಕ್ಸೈಡ್ ಪೊರೆ ಕಟ್ಟಿದೆ, ಅದು ಒಳಗಿನ ಲೋಹವನ್ನು ಕಾಯುತ್ತದೆ. ಸಾರೀಕೃತ ನೈಟ್ರಿಕ್ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಸಾಗಿಸಬಲ್ಲರು ಎಂದರೆ ಈ ಪೊರೆಯ ದಯೆಯಿಂದ. ಅದೇ ಮೊಳೆ ಸಾರರಿಕ್ತ ಆಮ್ಲದಲ್ಲಿ ಭರಭರನೆ ಕರಗುತ್ತದೆ. ಚಿನ್ನ ಕರಗದಿರುವುದು ಸಹಜ. ಅಕ್ಕಸಾಲಿಗರು ಒರೆಗಲ್ಲಿನ ಗೆರೆಗೆ ಈ ಆಮ್ಲದ ಹನಿ ಮುಟ್ಟಿಸಿ ಹಿತ್ತಾಳೆ, ತಾಮ್ರವನ್ನು ಗುರುತಿಸುವುದು ಇದೇ ಗುಣದಿಂದ. ಸೀಸದ ತುಂಡು ಸಾರೀಕೃತದಲ್ಲಿ ನಿಧಾನವಾದರೆ ಸ್ವಲ್ಪ ನೀರು ಬೆರೆಸಿ. ಲೆಡ್ ನೈಟ್ರೇಟ್ ಗಾಢ ಆಮ್ಲದಲ್ಲಿ ಕರಗದೆ ಮೈಗೆ ಅಂಟಿಕೊಂಡಿರುತ್ತದೆ.

ಸತುವಿಗೆ ಹಾಕಿದರೂ ಉರಿಯುವ ಹೈಡ್ರೋಜನ್ ಸಿಗಲಿಲ್ಲ ಎಂಬ ದೂರೂ ಬರುತ್ತದೆ. ಸಿಗುವುದಿಲ್ಲ. ಹುಟ್ಟಬೇಕಾದ ಹೈಡ್ರೋಜನ್ನಿನ ಬದಲು ನೈಟ್ರೇಟೇ ಅಪಕರ್ಷಣೆಗೊಂಡು ನೈಟ್ರೋಜನ್ನಿನ ಆಕ್ಸೈಡುಗಳು ಬರುತ್ತವೆ. ಮೆಗ್ನೀಷಿಯಂ, ಮ್ಯಾಂಗನೀಸ್ ಮಾತ್ರ ತಣ್ಣನೆಯ, ಶೇಕಡಾ 1ರಿಂದ 2ರ ಆಮ್ಲದಲ್ಲಿ ಹೈಡ್ರೋಜನ್ ಕೊಡುತ್ತವೆ.

ತಾಮ್ರ ಸುಮ್ಮನಿದ್ದರೆ ಮಾತ್ರ ನಿಜವಾಗಿ ಹುಡುಕಬೇಕು. ಒಂದು ನಿಮಿಷ ಕಾಯಿರಿ. ಈ ಕ್ರಿಯೆಯನ್ನು ನೈಟ್ರಸ್ ಆಮ್ಲ ವೇಗಗೊಳಿಸುತ್ತದೆ, ಅದು ಕ್ರಿಯೆಯಿಂದಲೇ ಹುಟ್ಟಬೇಕು. ಹಾಗಾಗಿ ಮೊದಲು ಮಂದ, ಆಮೇಲೆ ಒಮ್ಮೆಲೇ ಜೋರು. ಹೊಸ ತಿಳಿ ಆಮ್ಲಕ್ಕಿಂತ ಹಳದಿ ಆಮ್ಲ ಬೇಗ ಶುರುವಾಗುವುದೂ ಇದೇ ಕಾರಣಕ್ಕೆ. ‘ಏನೂ ಆಗುತ್ತಿಲ್ಲ’ ಎಂದು ಇನ್ನಷ್ಟು ಆಮ್ಲ ಸುರಿದು ಬರ್ನರ್ ಹಚ್ಚುವುದೇ ಅಪಘಾತದ ದಾರಿ. ತಂತಿಯಾಗಿದ್ದರೆ ಅದರ ಮೇಲಿನ ವಾರ್ನಿಷ್ ಪದರವನ್ನು ಮರಳು ಕಾಗದದಿಂದ ಉಜ್ಜಿ ತೆಗೆದಿದ್ದೀರಾ ನೋಡಿ.

ಆಗಲೂ ಇಲ್ಲವೆಂದರೆ ಆಮ್ಲದ ಪ್ರಬಲತೆ ಅಳೆಯಿರಿ. ಒಣ ಬೀಕರನ್ನು ತೂಗಿ, ಬಲ್ಬ್ ಹಾಕಿದ ಪಿಪೆಟ್ಟಿನಿಂದ 10 ಮಿ.ಲೀ. ಆಮ್ಲ ಬಿಟ್ಟು ಮತ್ತೆ ತೂಗಿ. 14.1 ಗ್ರಾಂ ಹತ್ತಿರ ಬಂದರೆ ಶೇಕಡಾ 70, 13.7 ಬಂದರೆ 60, 13.1 ಬಂದರೆ 50. ಇನ್ನೂ ನಿಖರವಾಗಿ ಬೇಕೆಂದರೆ ಆ 10 ಮಿ.ಲೀ.ಯನ್ನು ಒಂದು ಲೀಟರಿಗೆ ಏರಿಸಿ, ಅದರಿಂದ 10 ಮಿ.ಲೀ. ತೆಗೆದು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಟೈಟ್ರೇಟ್ ಮಾಡಿ. ಬ್ಯೂರೆಟ್ ಓದು 15.8ರ ಆಸುಪಾಸು ಬರಬೇಕು. ಸೂಚಕ ಫಿನಾಲ್ಫ್ಥಲೀನ್ ಇರಲಿ. ಹಳದಿ ಆಮ್ಲದಲ್ಲಿರುವ ನೈಟ್ರಸ್ ಆಮ್ಲ ಮೀಥೈಲ್ ಆರೆಂಜಿನ ಬಣ್ಣವನ್ನೇ ನುಂಗಿಬಿಡುತ್ತದೆ.

ಕರಗಿದ ತಾಮ್ರ ನೀಲಿಯ ಬದಲು ಹಸಿರಾಗಿದ್ದರೆ ಚಿಂತೆ ಬೇಡ, ಕರಗಿರುವ ಕಂದು ಅನಿಲದ ಹಳದಿ ನೀಲಿಗೆ ಬೆರೆತಿದೆ. ನೀರು ಹಾಕಿದರೆ ನೀಲಿ. ಪ್ರಮಾಣ ಮಾತ್ರ ಚಿಟಿಕೆಯಷ್ಟಿರಲಿ: ಸಾರೀಕೃತ ಆಮ್ಲದಲ್ಲಿ 0.1 ಗ್ರಾಂ ತಾಮ್ರಕ್ಕೇ ಸುಮಾರು 75 ಮಿ.ಲೀ. ಕಂದು ಅನಿಲ ಬರುತ್ತದೆ, ಮೂರು ಪ್ರನಾಳ ತುಂಬುವಷ್ಟು. ಇಪ್ಪತ್ತು ಮಕ್ಕಳು ಒಟ್ಟಿಗೆ ಮಾಡಿದರೆ ಲೆಕ್ಕ ಹಾಕಿ.

ಮೂರನೇ ಗುಂಪಿನಲ್ಲಿ ಹಾಲಿನಂಥ ಬಿಳಿ

ಲವಣದ ಲೋಹವನ್ನು ಗುಂಪು ಗುಂಪಾಗಿ ಹುಡುಕುವಾಗ ಮೂರನೆಯದು ಕಬ್ಬಿಣದಂಥವುಗಳ ಗುಂಪು. ಎರಡನೇ ಗುಂಪಿಗೆಂದು ಹಾಯಿಸಿದ ಹೈಡ್ರೋಜನ್ ಸಲ್ಫೈಡನ್ನು ಪೂರ್ತಿ ಕುದಿಸಿ ಓಡಿಸದೆ ನೈಟ್ರಿಕ್ ಆಮ್ಲ ಹಾಕಿದ್ದಾರೆ. ಆಮ್ಲ ಅದನ್ನು ಉತ್ಕರ್ಷಿಸಿ ಗಂಧಕವನ್ನು ಬಿಡಿಸಿದೆ. ಲೆಡ್ ಅಸಿಟೇಟ್ ಕಾಗದ ಆವಿಗೆ ಕಪ್ಪಾಗದವರೆಗೆ ಕುದಿಸಿ, ಸೋಸಿ, ಆಮೇಲೆ 2ರಿಂದ 3 ಹನಿ ಸಾರೀಕೃತ ಆಮ್ಲ. ಅಮೋನಿಯ ಹಾಕಿದಾಗ ಕೆಂಪುಗಂದಿನ ಬದಲು ಕೊಳೆ ಹಸಿರು ಬಂದರೆ ಈ ಆಮ್ಲದ ಹಂತವನ್ನೇ ಬಿಟ್ಟಿದ್ದಾರೆ, ಕಬ್ಬಿಣ ಇನ್ನೂ ಫೆರಸ್ ಆಗಿಯೇ ಇದೆ.

ಪರ್ಮಾಂಗನೇಟ್ ಟೈಟ್ರೇಷನ್ನಿನಲ್ಲಿ ಓದು ಕಡಿಮೆ

ಮೋರ್ ಲವಣಕ್ಕೆ (ಫೆರಸ್ ಅಮೋನಿಯಂ ಸಲ್ಫೇಟ್) ಸಾರರಿಕ್ತ ಗಂಧಕಾಮ್ಲದ ಬದಲು ನೈಟ್ರಿಕ್ ಬಿದ್ದಿದೆ. ಅದೂ ಫೆರಸ್‌ನ ಒಂದು ಪಾಲನ್ನು ಉತ್ಕರ್ಷಿಸಿಬಿಟ್ಟರೆ ಪರ್ಮಾಂಗನೇಟಿಗೆ ಕೆಲಸ ಕಡಿಮೆ. ಓದು ಹೆಚ್ಚು ಬಂದಿದ್ದರೆ ಹೈಡ್ರೋಕ್ಲೋರಿಕ್ ಬಿದ್ದಿದೆ. ಕಂದು ಕೆಸರು ಕಂಡರೆ ಯಾವ ಆಮ್ಲವೂ ಸಾಕಷ್ಟು ಬಿದ್ದಿಲ್ಲ.

ಬೆರಳು ಹಳದಿಯಾಗಿದೆ, ಹೊಗೆ ಕುಡಿದಿದ್ದಾರೆ, ಚೆಲ್ಲಿದೆ

ಚರ್ಮದ ಪ್ರೋಟೀನಿನೊಂದಿಗೆ ಆಮ್ಲ ಸೇರಿ ಹಳದಿ ಕಲೆಯಾಗುತ್ತದೆ. ಸೋಪು ತಾಗಿದರೆ ಕಿತ್ತಳೆಗೆ ತಿರುಗುತ್ತದೆ, ಚರ್ಮ ಸುಲಿಯುವವರೆಗೆ ಹೋಗುವುದಿಲ್ಲ. ಕಲೆ ಕಪ್ಪಾಗಿದ್ದರೆ ಅದು ಸಿಲ್ವರ್ ನೈಟ್ರೇಟಿನದು. ಹನಿ ಬಿದ್ದ ಕ್ಷಣದಿಂದ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಚರ್ಮದ ಮೇಲೆ ಸೋಡಾ, ಸುಣ್ಣ ಹಚ್ಚಬೇಡಿ, ತಟಸ್ಥೀಕರಣದ ಶಾಖ ಇನ್ನಷ್ಟು ಸುಡುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ತೊಳೆಯುತ್ತಲೇ 108ಕ್ಕೆ ಕರೆ ಮಾಡಿಸಿ.

ಕಂದು ಹೊಗೆಯ ವಿಷಯದಲ್ಲಿ ‘ಈಗ ಚೆನ್ನಾಗಿದ್ದಾನೆ’ ಎಂಬ ಮಾತನ್ನು ನಂಬಬೇಡಿ. ಮೊದಲು ಸ್ವಲ್ಪ ಕೆಮ್ಮು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ, ರಾತ್ರಿ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಚೆನ್ನಾಗಿ ಹೊಗೆ ಸೇವಿಸಿದವರನ್ನು ಮನೆಗಲ್ಲ, ಆಸ್ಪತ್ರೆಗೆ ಕಳಿಸಿ, ‘ನೈಟ್ರೋಜನ್ ಡೈಆಕ್ಸೈಡ್’ ಎಂದು ಚೀಟಿಯಲ್ಲಿ ಬರೆದು ಕೊಡಿ.

ಚೆಲ್ಲಿದ ಸಾರೀಕೃತ ಆಮ್ಲದ ಮೇಲೆ ಮರದ ಹೊಟ್ಟು, ಹತ್ತಿ, ಹಳೆ ಪೇಪರ್ ಹಾಕಬೇಡಿ, ಹೊತ್ತಿಕೊಳ್ಳಬಹುದು. ಒಣ ಮರಳಿನಿಂದ ಸುತ್ತ ಕಟ್ಟೆ ಕಟ್ಟಿ, ಅಂಚಿನಿಂದ ಒಳಗೆ ಅಡುಗೆ ಸೋಡಾ ಉದುರಿಸುತ್ತಾ ಬನ್ನಿ. 100 ಮಿ.ಲೀ.ಗೆ ಲೆಕ್ಕದಲ್ಲಿ 133 ಗ್ರಾಂ ಬೇಕು, 150 ಗ್ರಾಂ ಹಾಕಿ. ನೊರೆ ನಿಂತ ಮೇಲೆ ಬಳಿದು ತೆಗೆಯಿರಿ. ಅರ್ಧ ಲೀಟರಿಗಿಂತ ಹೆಚ್ಚು ಚೆಲ್ಲಿ ಹೊಗೆ ಎದ್ದಿದ್ದರೆ ಬಾಗಿಲು ಹಾಕಿ ಹೊರಬಂದು 101ಕ್ಕೆ ಹೇಳಿ.

ತ್ಯಾಜ್ಯದ ಬಾಟಲಿ ಬೆಚ್ಚಗಿದೆ, ಉಬ್ಬಿದೆ

ಇಲ್ಲಿ ತಪಾಸಣೆಯ ಮಾತೇ ಇಲ್ಲ. ನೈಟ್ರಿಕ್ ಆಮ್ಲದ ತ್ಯಾಜ್ಯಕ್ಕೆ ಯಾರೋ ಅಸಿಟೋನ್, ಆಲ್ಕೋಹಾಲ್ ಸುರಿದು ಮುಚ್ಚಿದ್ದಾರೆ. ಸುರಿದ ತಕ್ಷಣ ಏನೂ ಕಾಣದೆ ಗಂಟೆಗಳ ಮೇಲೆ ಸಿಡಿಯುವುದು ಇದರ ಗುಣ. ಮುಚ್ಚಳ ಮುಟ್ಟಬೇಡಿ, ಬಾಟಲಿ ಎತ್ತಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬೀಗ ಹಾಕಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಒಳಗೇನಿದೆ ಎಂದು ಗೊತ್ತಿದ್ದಷ್ಟು ಹೇಳಿ. ಮರುದಿನದಿಂದ ನೈಟ್ರಿಕ್ ತ್ಯಾಜ್ಯಕ್ಕೆ ಬೇರೆಯೇ ಒಂದು ಅಗಲ ಬಾಯಿಯ ಜಾಡಿ ಇಡಿ, ಅರ್ಧ ನೀರು ತುಂಬಿ, ಮುಚ್ಚಳದ ಬದಲು ಗಡಿಯಾರ ಗಾಜು ಮುಚ್ಚಿ. ಸಂಜೆ ಸೋಡಾ ಹಾಕುತ್ತಾ ಪಿಎಚ್ ಕಾಗದ 6ರಿಂದ 8ರ ನಡುವೆ ಬಂದ ಮೇಲೆ, ತಾಮ್ರ ಮತ್ತು ಸೀಸದ ಕೆಸರನ್ನು ಸೋಸಿ ಎತ್ತಿಟ್ಟು, ಉಳಿದದ್ದನ್ನು ಧಾರಾಳ ನೀರಿನೊಂದಿಗೆ ಬಿಡಿ.